ಗೋಸ್ತನಿ ದಂಡೆಯ ಗೋಣಿಚೀಲದ ಊರು

ವಿಶಾಖಪಟ್ಟಣದಿಂದ ಶ್ರೀಕಾಕುಳಂ ಕಡೆಗೆ ಹೆದ್ದಾರಿ ಹಿಡಿದರೆ ಸುಮಾರು 30 ಕಿ.ಮೀ. ದೂರದಲ್ಲಿ ತಗರಪುವಲಸ ಸಿಗುತ್ತದೆ. ಬಸ್ಸು, ಆಟೊ, ಹಣ್ಣಿನ ಗಾಡಿಗಳಿಂದ ಗಿಜಿಗುಡುವ ಜಂಕ್ಷನ್ನು. ಅದಕ್ಕೆ ಅಂಟಿಕೊಂಡೇ ಚಿಟ್ಟಿವಲಸ ಇದೆ. ಪಕ್ಕದಲ್ಲಿ ಗೋಸ್ತನಿ ನದಿ. ಬೇಸಿಗೆಯಲ್ಲಿ ನೋಡಿದರೆ ಮರಳೇ ಹೆಚ್ಚು, ನೀರು ಒಂದು ಬದಿಗೆ ಸರಿದು ತೆಳ್ಳಗೆ ಹರಿಯುತ್ತದೆ. ಇಂಥ ನದಿಯ ದಂಡೆಯಲ್ಲಿ, 1867ರಷ್ಟು ಹಿಂದೆ, ಸೆಣಬಿನ ಗಿರಣಿಯೊಂದು ಶುರುವಾಯಿತು.

ಆ ಇಸವಿಯ ತೂಕ ಗೊತ್ತಾಗಬೇಕಾದರೆ ಬಂಗಾಳದ ಕಡೆ ನೋಡಬೇಕು. ಭಾರತದ ಮೊದಲ ಸೆಣಬಿನ ಗಿರಣಿ ಹೂಗ್ಲಿ ದಂಡೆಯ ರಿಶ್ರಾದಲ್ಲಿ ಬಂದದ್ದು 1855ರಲ್ಲಿ. ಅದಾದ ಹನ್ನೆರಡೇ ವರ್ಷಕ್ಕೆ ಈ ಸಣ್ಣ ಊರಿನಲ್ಲಿ ಗಿರಣಿ ಎದ್ದಿತು. ನಮ್ಮ ಗೋಕಾಕ ಫಾಲ್ಸಿನ ನೂಲಿನ ಗಿರಣಿ ಬಂದದ್ದು 1880ರ ದಶಕದಲ್ಲಿ. ಅಲ್ಲಿ ಘಟಪ್ರಭೆ ಧುಮುಕುವ ರಭಸವೇ ಯಂತ್ರ ತಿರುಗಿಸಿತು. ಇಲ್ಲಿ ಗೋಸ್ತನಿ ಬಯಲಿಗಿಳಿದು ಸಾವಕಾಶವಾಗಿ ಸಮುದ್ರದತ್ತ ಸಾಗುತ್ತದೆ, ಧುಮುಕುವ ಮಾತೇ ಇಲ್ಲ. ಹಾಗಾದರೆ ಗಿರಣಿ ಇಲ್ಲೇ ಏಕೆ?

ಉತ್ತರ ಸುತ್ತಲಿನ ಹೊಲಗಳಲ್ಲಿದೆ. ಉತ್ತರಾಂಧ್ರದ ಕೆಂಪು ಮಣ್ಣಿನಲ್ಲಿ, ಮಳೆಯನ್ನೇ ನಂಬಿ ಬೆಳೆಯುವ ಗಿಡ ಗೋಗು. ನಮ್ಮ ಬಯಲುಸೀಮೆಯವರಿಗೆ ಇದನ್ನು ಪರಿಚಯಿಸಬೇಕಿಲ್ಲ, ನಮ್ಮ ಪುಂಡಿಯೇ ಅದು. ಎಳೆಯ ಎಲೆ ಜೋಳದ ರೊಟ್ಟಿಯ ಜೊತೆ ಪಲ್ಯ, ಬಲಿತ ಕಾಂಡ ಹಗ್ಗಕ್ಕೆ ನಾರು. ಬಂಗಾಳದ ಸೆಣಬು ಬೇರೆ ಗಿಡ, ಅದಕ್ಕೆ ನೀರು ಹೇರಳವಾಗಿ ಬೇಕು. ಪುಂಡಿ ಹಾಗಲ್ಲ, ಬಡ ಮಣ್ಣಿನಲ್ಲೂ ಆಳೆತ್ತರ ಮೀರಿ ಬೆಳೆಯುತ್ತದೆ. ಹೂ ಬಿಡುವ ಹೊತ್ತಿಗೆ ಕೊಯ್ದು, ಕಟ್ಟು ಕಟ್ಟಿ, ಕೆರೆಯಲ್ಲೋ ಹೊಂಡದಲ್ಲೋ ಮುಳುಗಿಸಿ ಮೇಲೆ ಭಾರ ಹೇರುತ್ತಾರೆ. ಎರಡು ಮೂರು ವಾರ ಕೊಳೆಯಬೇಕು. ಆಮೇಲೆ ನೀರಿಗಿಳಿದು ಒಂದೊಂದೇ ಕಾಂಡದ ತೊಗಟೆ ಸುಲಿದು, ನೀರಿಗೆ ಬಡಿದು ಜಾಲಿಸಿ, ನಾರನ್ನು ಬಿಸಿಲಿಗೆ ಹರವುತ್ತಾರೆ. ಆ ನಾತ ಕೈಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಒಣಗಿದ ನಾರು ಮಾತ್ರ ತಿಳಿ ಹೊಂಬಣ್ಣಕ್ಕೆ ತಿರುಗಿ ಹೊಳೆಯುತ್ತದೆ. ಗೋಣಿಚೀಲ ಎಂದೊಡನೆ ನಮಗೆ ನೆನಪಾಗುವುದು ಗಿರಣಿ, ಮಂಡಿ, ಲಾರಿ. ಅದರ ಅತಿ ಕಷ್ಟದ ಕೆಲಸ ಮುಗಿದಿರುವುದು ಹೀಗೆ ಕೊಳೆತ ನೀರಿನಲ್ಲಿ ನಿಂತವರ ಕೈಯಲ್ಲಿ.

ಈ ನಾರು ಹಡಗು ಹತ್ತುತ್ತಿದ್ದದ್ದು ಗೋಸ್ತನಿ ಬಂಗಾಳ ಕೊಲ್ಲಿಯನ್ನು ಸೇರುವ ಭೀಮುನಿಪಟ್ಟಣದಲ್ಲಿ. ಜನರ ಬಾಯಲ್ಲಿ ಅದು ಭೀಮಿಲಿ, ಇಂಗ್ಲಿಷರ ಕಾಗದಪತ್ರಗಳಲ್ಲಿ ಬಿಮ್ಲಿಪಟಂ. ಜಗತ್ತಿನ ನಾರಿನ ಪೇಟೆಗಳಲ್ಲಿ ಪುಂಡಿ ನಾರಿಗೆ ಬಿಮ್ಲಿ ಜೂಟ್ ಎಂದೇ ಹೆಸರಾಯಿತು. 17ನೇ ಶತಮಾನದಲ್ಲೇ ಡಚ್ಚರು ವ್ಯಾಪಾರಕ್ಕೆ ಬಂದು ನೆಲೆಸಿದ್ದ ಬಂದರು ಅದು. ಅವರ ಗೋರಿಗಳು ಇಂದಿಗೂ ಕಡಲ ಹತ್ತಿರ ಇವೆ. ಗಿಡ ಹೊಲದಲ್ಲಿ, ಗಿರಣಿ ನದಿಯ ದಂಡೆಯಲ್ಲಿ, ಹಡಗು ನದಿಯ ಬಾಯಲ್ಲಿ. ಚಿಟ್ಟಿವಲಸದ ಭೂಗೋಳ ಇಷ್ಟೇ, ಅದರ ಚರಿತ್ರೆಯನ್ನು ಬರೆದದ್ದೂ ಇದೇ.

ಬಂದರು ಮೊದಲು ಸೋತಿತು. 1893ರ ಹೊತ್ತಿಗೆ ಬಂದ ರೈಲು ಭೀಮಿಲಿಯನ್ನು ಬದಿಗಿಟ್ಟು ವಿಜಯನಗರಂ ಮೇಲೆ ಹಾದು ವಿಶಾಖಪಟ್ಟಣಕ್ಕೆ ಹೋಯಿತು. 1933ರಲ್ಲಿ ವಿಶಾಖಪಟ್ಟಣದ ಹೊಸ ಬಂದರು ತೆರೆಯಿತು. ಗಿರಣಿ ಮಾತ್ರ ಅದಾದ ಮೇಲೂ ಮುಕ್ಕಾಲು ಶತಮಾನ ನಡೆಯಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಚೀಲ ಬಂತು. ಆಹಾರಧಾನ್ಯ, ಸಕ್ಕರೆಗೆ ಸೆಣಬಿನ ಚೀಲವನ್ನೇ ಬಳಸಬೇಕೆಂಬ 1987ರ ಕಾನೂನು ದೇಶದ ಗಿರಣಿಗಳಿಗೆ ಆಸರೆಯಾಯಿತು ನಿಜ, ಆದರೆ ಚಿಟ್ಟಿವಲಸವನ್ನು ಉಳಿಸಲಿಲ್ಲ. 2009ರಲ್ಲಿ ಲಾಕೌಟ್ ಘೋಷಣೆಯಾಯಿತು. ಬಾಕಿ ಹಣಕ್ಕಾಗಿ ಕಾರ್ಮಿಕರು ವರ್ಷಗಟ್ಟಲೆ ಹೋರಾಡಬೇಕಾಯಿತು. ಒಂದೇ ಗಿರಣಿಯನ್ನು ನಂಬಿದ ಊರಿನಲ್ಲಿ ಗೇಟು ಮುಚ್ಚಿದರೆ ಕಿರಾಣಿ ಅಂಗಡಿಯ ಸಾಲದ ಪುಸ್ತಕದಿಂದ ಮಕ್ಕಳ ಶಾಲೆಯ ಫೀಸಿನವರೆಗೆ ಎಲ್ಲವೂ ಏರುಪೇರಾಗುತ್ತದೆ. ಇದನ್ನು ಕೈಗಾರಿಕೆಯ ಏಳುಬೀಳು ಎಂದು ಕರೆದು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ನದಿಗೆ ಈಗ ಬೇರೆ ಕೆಲಸ ಬಿದ್ದಿದೆ. ಅನಂತಗಿರಿ ಬೆಟ್ಟಗಳಲ್ಲಿ, ಬೊರ್‍ರಾ ಗುಹೆಗಳ ಸುಣ್ಣಕಲ್ಲಿನ ನಡುವೆ ಹುಟ್ಟಿ ಬರುವ ಗೋಸ್ತನಿಗೆ 1960ರ ದಶಕದಲ್ಲಿ ತಾಟಿಪೂಡಿಯಲ್ಲಿ ಅಣೆಕಟ್ಟು ಕಟ್ಟಿದರು. ಹೊಲಗಳಿಗೆ ಹೋಗಿ ಉಳಿದದ್ದರಲ್ಲಿ ವಿಶಾಖಪಟ್ಟಣದ ಬಾಯಾರಿಕೆಗೂ ಪಾಲಿದೆ. ಕೆಳಗಡೆ ನದಿಯ ಮರಳೇ ನೀರಿನ ತಿಜೋರಿ. ಮಳೆಗಾಲದ ನೀರನ್ನು ಹೀರಿ ಹಿಡಿದು ಬೇಸಿಗೆಗೆ ಬಿಟ್ಟುಕೊಡುವುದು ಅದೇ. ಆ ಮರಳನ್ನು ಲಾರಿಗೆ ತುಂಬಿ ಸಾಗಿಸಿದರೆ ದಂಡೆಯ ಬಾವಿಗಳು ಬತ್ತುತ್ತವೆ. ಗಿರಣಿ ಹೋದ ಊರಿನಿಂದ ನದಿಯೂ ಹೋಗಬಾರದು.

ಋಷಿಕೊಂಡ, ಕೆಂಪು ಮರಳ ದಿಬ್ಬಗಳಾದ ಎರ್‍ರಮಟ್ಟಿ ದಿಬ್ಬಲು, ಭೀಮಿಲಿ ಎಂದು ಕಡಲ ದಾರಿಯಲ್ಲೇ ಸಾಗುವ ಪ್ರವಾಸಿಗರು ಈ ಒಳದಾರಿಗೆ ತಿರುಗುವುದು ಕಡಿಮೆ. ತಿರುಗಬೇಕು. ಡಚ್ಚರ ಗೋರಿಗಳನ್ನು ಸಂರಕ್ಷಿತ ಸ್ಮಾರಕವೆಂದು ಕಾಪಾಡುವಷ್ಟೇ ಕಾಳಜಿಯಿಂದ ಇಲ್ಲಿನ ನೂಲುವವರ, ನೇಯುವವರ, ಚೀಲ ಹೊಲಿಯುವವರ ಮಾತುಗಳನ್ನೂ ದಾಖಲಿಸಬೇಕು. ಆಂಧ್ರ ವಿಶ್ವವಿದ್ಯಾಲಯ ಒಂದು ಗಂಟೆಯ ಹಾದಿಯಲ್ಲಿದೆ. ಗಿರಣಿಯ ಕೊನೆಯ ಪಾಳಿಯಲ್ಲಿ ದುಡಿದವರಿಗೆ ಈಗ ವಯಸ್ಸಾಗುತ್ತಿದೆ, ಈ ಕೆಲಸ ಈ ಹತ್ತು ವರ್ಷಗಳಲ್ಲೇ ಆಗಬೇಕು.