ತುಪ್ಪದ ಚಮಚವೂ ಹಿರಿಯರ ಹೃದಯವೂ

ಕೊಲೆಸ್ಟರಾಲ್ ಹೆಚ್ಚಿದೆಯೆಂದು ತಿಳಿದೊಡನೆ ಮನೆಯವರು ಮೊದಲು ಮಾಡುವ ಕೆಲಸ ಅಜ್ಜನ ತಾಟಿನಿಂದ ತುಪ್ಪವನ್ನು ತೆಗೆಯುವುದು. ತುಪ್ಪಕ್ಕೆ ಮಿತಿ ಬೇಕು, ನಿಜ. ಆದರೆ ಚಹದ ಸಕ್ಕರೆ, ಊಟದ ಬೆಲ್ಲಗಳ ಲೆಕ್ಕವನ್ನು ಇಟ್ಟವರಾರು? ಜಮಖಂಡಿ, ಮುಧೋಳಗಳು ಕಬ್ಬಿನ ಸೀಮೆಯಲ್ಲವೆ! ಸಿಹಿ ಅತಿಯಾದರೆ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬು ರಕ್ತದಲ್ಲಿ ಏರುತ್ತದೆ.

ಕೊಲೆಸ್ಟರಾಲ್ ಹುಟ್ಟಾ ವೈರಿಯಲ್ಲ. ನಮ್ಮ ಯಕೃತ್ತೇ ಅದನ್ನು ತಯಾರಿಸುತ್ತದೆ. ಎಲ್‌ಡಿಎಲ್ ರೂಪದಲ್ಲಿ ಹೆಚ್ಚಾದಾಗ ಅದು ರಕ್ತನಾಳಗಳ ಗೋಡೆಯಲ್ಲಿ ನೆಲೆಯೂರುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಎಲ್‌ಡಿಎಲ್ 100 ಮಿಲಿಗ್ರಾಮಿಗಿಂತಲೂ ಟ್ರೈಗ್ಲಿಸರೈಡ್ 150ಕ್ಕಿಂತಲೂ ಕಡಿಮೆಯಿದ್ದರೆ ಒಳಿತು. ಒಮ್ಮೆ ಹೃದಯಾಘಾತವಾದವರ ಎಲ್‌ಡಿಎಲ್ 70ರ ಕೆಳಗಿರಬೇಕೆನ್ನುತ್ತಾರೆ ವೈದ್ಯರು.

ಬೀಳಗಿಯ ಎರೆಭೂಮಿಗೆ ಒಪ್ಪುವ ಹಳೆಯ ಊಟವನ್ನು ನೋಡಿರಿ: ಜೋಳದ ರೊಟ್ಟಿ, ಕಾಳುಪಲ್ಯ, ಅಗಸಿ ಹಿಂಡಿ, ಕುಸುಬಿ ಎಣ್ಣೆ. ಎಲ್‌ಡಿಎಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು ಕುಸುಬಿ ಎಣ್ಣೆಯಲ್ಲಿ ನೂರಕ್ಕೆ 10 ಪಾಲಿಗೂ ಕಡಿಮೆ. ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ. ಅಗ್ಗವೆಂದು ತಾಳೆ ಎಣ್ಣೆ ತಂದು ಅದರಲ್ಲಿ ಭಜಿ ಕರಿದು, ತುಪ್ಪದ ಚಮಚವೊಂದನ್ನೇ ಶಪಿಸುವುದು ವಿಚಿತ್ರ ನ್ಯಾಯ.

ದುಡಿಮೆಯೂ ಬದಲಾಗಿದೆ. ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗ ತುಳಿಯುತ್ತಿದ್ದವರ ಕಾಲಿಗೆ ಬೇರೆ ವ್ಯಾಯಾಮ ಬೇಕಿರಲಿಲ್ಲ. ವಿದ್ಯುತ್ ಮಗ್ಗ ಬಂದ ಮೇಲೆ ಆ ತುಳಿತ ತಪ್ಪಿತು. ಇಂದಿನ ಹಿರಿಯರು ನಿತ್ಯವೂ ಅರ್ಧ ಗಂಟೆ ನಡೆದು ಅದನ್ನು ತುಂಬಿಕೊಳ್ಳಬೇಕು.

ಇನ್ನು ಮಾತ್ರೆಯ ವಿಷಯ. ಅಂಕೆ ಇಳಿಯಿತೆಂದು ಸ್ಟ್ಯಾಟಿನ್ ನಿಲ್ಲಿಸಿಬಿಡುವವರು ಬಹಳ. ಅಂಕೆ ಇಳಿದದ್ದೇ ಮಾತ್ರೆಯಿಂದ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಮರಳಿ ಏರುತ್ತದೆ. ಸ್ನಾಯುನೋವು ಕಂಡರೆ ವೈದ್ಯರಿಗೆ ತಿಳಿಸಬೇಕು. ಅವರು ಪ್ರಮಾಣವನ್ನು ತಗ್ಗಿಸಬಲ್ಲರು, ಔಷಧವನ್ನೂ ಬದಲಿಸಬಲ್ಲರು. 75 ದಾಟಿದವರಿಗೆ ಹೊಸದಾಗಿ ಮಾತ್ರೆ ಆರಂಭಿಸಬೇಕೆ ಎಂಬುದನ್ನು ವೈದ್ಯರು ಅವರವರ ದೇಹಸ್ಥಿತಿ ನೋಡಿ ನಿರ್ಧರಿಸುತ್ತಾರೆ.