ಮಳೆಗಾಲ ದಾಟಿದ ಟೇಪುಗಳು

ಕಾರವಾರದಲ್ಲಿ ಜೂನ್ ಕಾಲಿಟ್ಟರೆ ಗೋಡೆಗಳು ಬೆವರುತ್ತವೆ. ಉಪ್ಪಿನ ಭರಣಿಯಲ್ಲಿ ನೀರೊಡೆಯುತ್ತದೆ, ಮೂಲೆಯಲ್ಲಿಟ್ಟ ಚಪ್ಪಲಿಯ ಮೇಲೆ ಹಸಿರು ಏಳುತ್ತದೆ, ಟ್ರಂಕಿನ ರೇಷ್ಮೆ ಸೀರೆ ಮುಗ್ಗಲು ವಾಸನೆ ಹಿಡಿಯುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಈ ಪಟ್ಟಿಯಲ್ಲಿ, ಅಂಕೋಲೆಯಿಂದ ಮಾಜಾಳಿ ಗಡಿಯವರೆಗೆ, ಅಟ್ಟದ ಮೇಲೊಂದು ರಟ್ಟಿನ ಪೆಟ್ಟಿಗೆ ತುಂಬ ಕ್ಯಾಸೆಟ್ ಇಟ್ಟುಕೊಂಡ ಮನೆಗಳು ಈಗಲೂ ಇವೆ. ಕೊಲ್ಲಿ ದೇಶಕ್ಕೆ ದುಡಿಯಲು ಹೋದವರು ತಂದ ಟೂ-ಇನ್-ಒನ್ ಸೆಟ್ಟಿನ ಕಾಲದವು. ಒಂದನ್ನು ತೆಗೆದು ಬೆಳಕಿಗೆ ಹಿಡಿದರೆ ಕಂದು ಸುರುಳಿಯ ಅಂಚಿನಲ್ಲಿ ಬೂದಿ ಉದುರಿದ ಹಾಗೆ ಬಿಳಿ ಬೂಷ್ಟು ಕಾಣುತ್ತದೆ.

ಜಗತ್ತಿನ ಇನ್ನೊಂದು ಕಡೆ ಇಂಥದೇ ಹಳೆಯ ಟೇಪುಗಳಿಗೆ ಹುಟ್ಟುಹಬ್ಬ ನಡೆಯುತ್ತಿದೆ.

ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡ 1974ರಲ್ಲಿ ‘ಆಟೊಬಾನ್’ ಎಂಬ ಆಲ್ಬಂ ತಂದಿತ್ತು. ಹೆದ್ದಾರಿಯ ಕಾರು ಪ್ರಯಾಣವನ್ನು ಯಂತ್ರದ ಸದ್ದಿನಲ್ಲೇ ಕಟ್ಟಿದ, ಇಪ್ಪತ್ತೆರಡು ನಿಮಿಷ ಮೀರುವ ಒಂದೇ ರಚನೆ ಅದರ ಒಂದು ಬದಿಯನ್ನು ಇಡಿಯಾಗಿ ತುಂಬಿಕೊಂಡಿದೆ. ಐವತ್ತು ವರ್ಷ ತುಂಬಿದ ಲೆಕ್ಕದಲ್ಲಿ 2025ರಲ್ಲಿ ಆಲ್ಬಂ ಮರಳಿ ಬಂತು. ಮೂಲದ ಹದಿನಾರು ಟ್ರ್ಯಾಕಿನ ಟೇಪುಗಳನ್ನು ಹೊರತೆಗೆದು, ಕೇಳುಗನ ಸುತ್ತಲಿಂದಲೂ ನಾದ ಬರುವಂತೆ ಹೊಸದಾಗಿ ಬೆಸೆದರು. ಏಫೆಕ್ಸ್ ಟ್ವಿನ್ ಎಂಬ ಹೆಸರಿನ ಬ್ರಿಟಿಷ್ ಸಂಗೀತಗಾರನ 1994ರ ಆಲ್ಬಂ ಒಂದಕ್ಕೆ ಮೂವತ್ತರ ಆವೃತ್ತಿ 2024ರಲ್ಲಿ ಬಂದಿತ್ತು. ಫ್ರಾನ್ಸಿನ ಡಾಫ್ಟ್ ಪಂಕ್ ಜೋಡಿಯ 2013ರ ಆಲ್ಬಂ ಹತ್ತೇ ವರ್ಷಕ್ಕೆ ಹೊಸ ಹೊದಿಕೆ ತೊಟ್ಟಿತು.

ಇವುಗಳಲ್ಲಿ ವ್ಯಾಪಾರವೂ ಇದೆ. ಬಣ್ಣದ ಪ್ಲೇಟು, ದಪ್ಪ ರಟ್ಟಿನ ಪೆಟ್ಟಿಗೆ, ಜೊತೆಗೆ ಬಿಸಾಡಬಹುದಾಗಿದ್ದ ನಾಲ್ಕು ಅರೆಬೆಂದ ತುಣುಕು: ಇಷ್ಟಕ್ಕೇ ದುಬಾರಿ ಬೆಲೆ ಕಟ್ಟಿದ ಮರುಮುದ್ರಣಗಳು ಬೇಕಾದಷ್ಟಿವೆ. ಯುರೋಪಿನಲ್ಲಿ ಇದರ ಹಿಂದೆ ಕಾನೂನಿನ ತಳ್ಳುವಿಕೆಯೂ ಉಂಟು. ಧ್ವನಿಮುದ್ರಣದ ಹಕ್ಕನ್ನು ಅಲ್ಲಿ 50ರಿಂದ 70 ವರ್ಷಕ್ಕೆ ಏರಿಸಿದಾಗ, ಮೊದಲ ಐವತ್ತು ವರ್ಷದೊಳಗೆ ಹೊರಬಂದ ಮುದ್ರಣಕ್ಕೆ ಮಾತ್ರ ಆ ಹೆಚ್ಚುವರಿ ಅವಧಿ ಸಿಗುವಂತಾಯಿತು. ಹಾಗಾಗಿ ಐವತ್ತು ಸಮೀಪಿಸಿದಾಗ ಕಂಪನಿಗಳು ಕಪಾಟಿನ ತಳದಲ್ಲಿದ್ದುದನ್ನೂ ಹೊರಹಾಕುತ್ತವೆ.

ಆದರೂ ಎಲೆಕ್ಟ್ರಾನಿಕ್ ಸಂಗೀತದ ಮರುಮುದ್ರಣಕ್ಕೆ ಉಳಿದ ಸಂಗೀತಕ್ಕಿಲ್ಲದ ಒಂದು ತುರ್ತು ಇದೆ. ಯಮನ್ ರಾಗ ಗುರುವಿನ ಗಂಟಲಿನಿಂದ ಶಿಷ್ಯನ ಗಂಟಲಿಗೆ ಹೋಗುತ್ತದೆ, ಒಂದು ಪ್ಲೇಟು ಒಡೆದರೆ ರಾಗಕ್ಕೆ ಏನೂ ಆಗುವುದಿಲ್ಲ. ಯಕ್ಷಗಾನದ ಪದ ಭಾಗವತರ ನಾಲಿಗೆಯಲ್ಲಿ ಬದುಕಿರುತ್ತದೆ. ಯಂತ್ರದ ಗುಂಡಿ ತಿರುಗಿಸಿ ಆ ಗಳಿಗೆಯಲ್ಲಿ ಹುಟ್ಟಿಸಿದ ಸದ್ದಿಗೆ ಅಂಥ ಇನ್ನೊಂದು ಮನೆ ಇಲ್ಲ. ಜಪಾನಿನ ರೋಲಂಡ್ ಕಂಪನಿ 1981ರಲ್ಲಿ ಮಾರುಕಟ್ಟೆಗೆ ಬಿಟ್ಟ ಟಿಬಿ-303 ಎಂಬ ಪುಟ್ಟ ಬೆಳ್ಳಿಬಣ್ಣದ ಪೆಟ್ಟಿಗೆಯಲ್ಲಿ ತುಂಬಿಟ್ಟ ಸ್ವರಸಾಲುಗಳು ಬ್ಯಾಟರಿ ತೆಗೆದರೆ ಅಳಿಸಿ ಹೋಗುತ್ತಿದ್ದವು. ಆಮೇಲೆ ಉಳಿಯುತ್ತಿದ್ದುದು ಟೇಪ್ ಒಂದೇ. ಇಲ್ಲಿ ಟೇಪೇ ಕೃತಿ.

ಈ ಮಾತಿಗೆ ಚರಣಜಿತ್ ಸಿಂಗ್ ಅವರ ಕಥೆಗಿಂತ ದೊಡ್ಡ ಸಾಕ್ಷಿ ಭಾರತದಲ್ಲಿಲ್ಲ. ಅವರು ಮುಂಬೈಯ ಸಿನಿಮಾ ವಾದ್ಯವೃಂದಗಳಲ್ಲಿ ದುಡಿದ ಕಲಾವಿದ. ಆರ್.ಡಿ. ಬರ್ಮನ್ ಮೊದಲಾದವರ ಹಾಡುಗಳಿಗೆ ಗಿಟಾರ್, ಟ್ರಾನ್ಸಿಕಾರ್ಡ್ ಎಂಬ ಎಲೆಕ್ಟ್ರಾನಿಕ್ ಅಕಾರ್ಡಿಯನ್ ನುಡಿಸಿದವರು, ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾ ನಡೆಸಿದವರು. ಆಗ ದೇಶಕ್ಕೆ ಡಿಸ್ಕೊ ಹುಚ್ಚು. ಆ ಹುಚ್ಚಿಗೆ ಬೆಂಗಳೂರಿನ ಕೈವಾಡವೂ ಇತ್ತು: ಅಲ್ಲೇ ಹುಟ್ಟಿ ಬೆಳೆದು ಲಂಡನ್ನಿಗೆ ಹೋಗಿ ನೆಲೆಸಿದ, ಕೊಡವ ಮನೆತನದ ಬಿಡ್ಡು ಅಪ್ಪಯ್ಯ 1974ರಲ್ಲಿ ‘ಕುಂಗ್ ಫು ಫೈಟಿಂಗ್’ ಹಾಡನ್ನು ರೂಪಿಸಿ ಜಗತ್ತನ್ನೇ ಕುಣಿಸಿದ್ದರು. 1980ರ ‘ಕುರ್ಬಾನಿ’ ಸಿನಿಮಾಕ್ಕೆ ನಾಜಿಯಾ ಹಸನ್ ಅವರಿಂದ ‘ಆಪ್ ಜೈಸಾ ಕೋಯಿ’ ಹಾಡಿಸಿದರು, ಮರುವರ್ಷ ‘ಡಿಸ್ಕೊ ದೀವಾನೆ’ ತಂದರು. 1982ರ ಕೊನೆಗೆ ‘ಡಿಸ್ಕೊ ಡ್ಯಾನ್ಸರ್’ ಬಂತು.

ಅದೇ 1982ರಲ್ಲಿ ಚರಣಜಿತ್ ಸಿಂಗ್ ಮೂರು ಯಂತ್ರಗಳನ್ನು ಜೋಡಿಸಿಕೊಂಡು ಕುಳಿತರು. ತಾಳಕ್ಕೆ ಟಿಆರ್-808, ಮಂದ್ರದ ನಡೆಗೆ ಟಿಬಿ-303, ರಾಗದ ವಿಸ್ತಾರಕ್ಕೆ ಜುಪಿಟರ್-8 ಸಿಂಥಸೈಜರ್. ಮೂರೂ ರೋಲಂಡ್ ಕಂಪನಿಯವು. ಭೈರವಿ, ಲಲಿತ್, ಭೂಪಾಲಿ, ತೋಡಿ, ಮಧುವಂತಿ, ಮೇಘಮಲ್ಹಾರ್, ಯಮನ್, ಕಲಾವತಿ, ಮಾಲಕಂಸ, ಬೈರಾಗಿ ಎಂದು ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕಟ್ಟಿ ನುಡಿಸಿದರು. ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ಹೆಸರಲ್ಲಿ ಎಚ್‌ಎಂವಿ ಅದನ್ನು ಹೊರತಂದಿತು.

ಯಂತ್ರ ಮತ್ತು ರಾಗ ಅಲ್ಲಿ ಒಂದಕ್ಕೊಂದು ಒಗ್ಗಿಕೊಂಡ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. 303ರ ಒಂದು ಸಾಲಿನಲ್ಲಿ ಹದಿನಾರು ಮನೆ, 808ರಲ್ಲೂ ಹದಿನಾರು. ನಮ್ಮ ತೀನ್‌ತಾಲಕ್ಕೂ ಹದಿನಾರೇ ಮಾತ್ರೆ. 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಸೌಲಭ್ಯವಿದೆ, ಅದನ್ನು ಕೇಳಿದ ಹಿಂದೂಸ್ತಾನಿ ಕಿವಿಗೆ ಮೀಂಡ್ ನೆನಪಾಗದೆ ಇರದು. ಬಾಸ್ ಗಿಟಾರ್ ನುಡಿಸುವವನು ಸಿಗದಿದ್ದಾಗ ಬಳಸಲೆಂದು ಮಾಡಿದ ಯಂತ್ರ ಅದು. ಆ ಕೆಲಸಕ್ಕೆ ಅದು ಒದಗಲಿಲ್ಲ, ಕೆಲವೇ ವರ್ಷಗಳಲ್ಲಿ ರೋಲಂಡ್ ತಯಾರಿಕೆಯನ್ನೇ ನಿಲ್ಲಿಸಿತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಬಂದು ಬಿದ್ದ ಅಂಥದೊಂದನ್ನು ಅಮೆರಿಕದ ಷಿಕಾಗೊ ನಗರದ ಹುಡುಗರು ಕೊಂಡು, ಗುಂಡಿಗಳನ್ನು ಎಲ್ಲೆ ಮೀರಿ ತಿರುಗಿಸಿದಾಗ ಹೊಮ್ಮಿದ ಚಿಲಿಪಿಲಿ-ಗೊರಗೊರ ಸದ್ದೇ ‘ಆಸಿಡ್ ಹೌಸ್’ ಎಂಬ ಪ್ರಕಾರವಾಯಿತು. ಅದರ ಆದಿಕೃತಿ ಎಂದು ಹೇಳುವ ಫ್ಯೂಚರ್ ತಂಡದ ‘ಆಸಿಡ್ ಟ್ರ್ಯಾಕ್ಸ್’ ಹೊರಬಂದದ್ದು 1987ರಲ್ಲಿ. ಮುಂಬೈಯ ಮದುವೆ ಮನೆಯ ಕಲಾವಿದ ಅದಕ್ಕೆ ಐದು ವರ್ಷ ಮುಂದಿದ್ದರು.

ಆದರೆ ಪ್ಲೇಟು ಮಾರಾಟವಾಗಲಿಲ್ಲ. ರಾಗ ಬೇಕಾದವರಿಗೆ ಅದು ಡಿಸ್ಕೊ, ಡಿಸ್ಕೊ ಬೇಕಾದವರಿಗೆ ಅದು ರಾಗ. ಇಪ್ಪತ್ತು ವರ್ಷ ಕಳೆದ ಮೇಲೆ, 2002ರಲ್ಲಿ, ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕನಿಗೆ ದೆಹಲಿಯ ಅಂಗಡಿಯೊಂದರಲ್ಲಿ ಒಂದು ಪ್ರತಿ ಸಿಕ್ಕಿತು. ಆತ ಮುಂಬೈಗೆ ಬಂದು ಚರಣಜಿತ್ ಸಿಂಗ್ ಅವರನ್ನು ಕಂಡ. ತನ್ನ ಬಾಂಬೆ ಕನೆಕ್ಷನ್ ಸಂಸ್ಥೆಯಿಂದ 2010ರಲ್ಲಿ ಆಲ್ಬಂ ಮರುಮುದ್ರಿಸಿದ. ಕೇಳಿದವರು ನಂಬಲಿಲ್ಲ. 1982ರಲ್ಲಿ ಇದು ಸಾಧ್ಯವೇ ಇಲ್ಲ, ಯಾರೋ ಈಗ ಮಾಡಿ ಹಳೆಯದೆಂದು ಹೇಳುತ್ತಿದ್ದಾರೆ ಎಂದರು. ಏಫೆಕ್ಸ್ ಟ್ವಿನ್‌ನದೇ ಚೇಷ್ಟೆ ಇರಬೇಕೆಂಬ ಗುಮಾನಿಯೂ ಎದ್ದಿತ್ತು. ಎಪ್ಪತ್ತು ದಾಟಿದ ಸಿಂಗ್ ಯುರೋಪಿನ ವೇದಿಕೆ ಏರಿ, ಮೊಮ್ಮಕ್ಕಳ ವಯಸ್ಸಿನವರ ಎದುರು ಅದೇ ರಾಗಗಳನ್ನು ನುಡಿಸಿದ ಮೇಲೆ ಆ ಮಾತು ನಿಂತಿತು. ಜುಲೈ 2015ರಲ್ಲಿ ಅವರು ತೀರಿಕೊಂಡರು. ಕೊನೆಯ ಐದು ವರ್ಷವಾದರೂ ಅವರಿಗೆ ತನ್ನ ಕೆಲಸದ ಬೆಲೆ ಕಣ್ಣಾರೆ ಕಾಣಸಿಕ್ಕಿತು. ಅದು ಆ ಒಂದು ಪ್ರತಿ ಉಳಿದುದರಿಂದ.

ಆಲ್ಬಂಗೆ ನಲವತ್ತು ತುಂಬಿದ್ದು 2022ರಲ್ಲಿ. ಅಷ್ಟರವರೆಗೆ ಕಾದಿದ್ದರೆ ಕಲಾವಿದ ಇರುತ್ತಿರಲಿಲ್ಲ. ವಾರ್ಷಿಕೋತ್ಸವದ ಲೆಕ್ಕ ಹಾಕುವುದು ಕ್ಯಾಲೆಂಡರ್, ಕೃತಿಯನ್ನು ಉಳಿಸುವುದು ಅದನ್ನು ಎತ್ತಿಟ್ಟ ಕೈ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲೂ ಹೀಗೇ ಆಯಿತು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಮೂಗ್ ಸಿಂಥಸೈಜರಿನ ಸ್ಟುಡಿಯೊ ಸ್ಥಾಪಿಸಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಷಿಪುರ ಮೊದಲಾದವರು ಮಾಡಿದ ಪ್ರಯೋಗಗಳ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ದಶಕಗಳ ಕಾಲ ಮಲಗಿದ್ದವು. ಪಾಲ್ ಪರ್ಗಾಸ್ ಎಂಬ ಬ್ರಿಟಿಷ್ ಕಲಾವಿದ ಹುಡುಕಿ ತೆಗೆದು, 2023ರಲ್ಲಿ ಆಲ್ಬಂ ಆಗಿ ಹೊರಬರುವಂತೆ ಮಾಡಿದರು.

ಈಗ ಮತ್ತೆ ಕರಾವಳಿಗೆ. ಕಾರವಾರದಿಂದ ಉತ್ತರಕ್ಕೆ ಹೊರಟರೆ ಕಾಳಿ ಸೇತುವೆ, ಮಾಜಾಳಿ, ಆಮೇಲೆ ಗೋವಾ. ಅಲ್ಲಿನ ಅಂಜುನಾ ಕಡಲತೀರದಲ್ಲಿ 1980-90ರ ದಶಕಗಳಲ್ಲಿ ರಾತ್ರಿಯಿಡೀ ನಡೆದ ಕುಣಿತದಿಂದ ಹುಟ್ಟಿದ ಪ್ರಕಾರಕ್ಕೆ ಜಗತ್ತು ಇಟ್ಟ ಹೆಸರು ‘ಗೋವಾ ಟ್ರಾನ್ಸ್’. ದಕ್ಷಿಣಕ್ಕೆ ಅಂಕೋಲೆ ದಾಟಿ ಗಂಗಾವಳಿ ಹೊಳೆ ಕಳೆದರೆ ಗೋಕರ್ಣ. ಗೋವಾದ ಗದ್ದಲ ಹೆಚ್ಚಾದಾಗ ಅಲ್ಲಿಂದ ಎದ್ದ ವಿದೇಶಿಯರು ಬಂದು ಇಳಿದದ್ದು ಇಲ್ಲಿನ ಕುಡ್ಲೆ, ಓಂ ಕಡಲತೀರಗಳಿಗೆ. ಹಾಗಾಗಿ ಒಂದು ಎಲೆಕ್ಟ್ರಾನಿಕ್ ಪ್ರಕಾರದ ತವರು ಕಾರವಾರದವರಿಗೆ ನೆರೆಮನೆಯಷ್ಟೇ ಹತ್ತಿರ.

ಅಂಜುನಾದ ಡಿಜೆಗಳು ಪ್ಲೇಟು ಬಳಸುತ್ತಿರಲಿಲ್ಲ. ಆ ಬಿಸಿಲಿಗೆ ವಿನೈಲ್ ಸೊಟ್ಟಗಾಗುತ್ತಿತ್ತು, ಮರಳು-ಧೂಳು ಗೀರುಗಳಿಗೆ ಸೇರುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊದಿಂದ 1970ರಲ್ಲಿ ಗೋವಾಕ್ಕೆ ಬಂದು, 2023ರಲ್ಲಿ ಅಲ್ಲೇ ಕೊನೆಯುಸಿರೆಳೆದ ಗೋವಾ ಗಿಲ್ ಅವರೂ ‘ಡ್ಯಾಟ್’ ಎಂಬ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಿಜಿಟಲ್ ಟೇಪಿನಲ್ಲೇ ಸಂಗೀತ ನುಡಿಸಿದವರು. ಅನೇಕ ರಚನೆಗಳು ಅಂಗಡಿಗೆ ಬರದೆ ಡ್ಯಾಟಿನಿಂದ ಡ್ಯಾಟಿಗೆ, ಕೈಯಿಂದ ಕೈಗೆ ಹೋದವು. ಈಗ ಆ ಟೇಪು ಓದುವ ಯಂತ್ರಗಳೇ ಅಪರೂಪ. ಕ್ಯಾಸೆಟ್ ಹಾಳಾದರೆ ಸದ್ದು ಮಸುಕಾಗುತ್ತದೆ, ಡ್ಯಾಟ್ ಹಾಳಾದರೆ ಸದ್ದು ತುಂಡುತುಂಡಾಗಿ ಪೂರ್ತಿ ನಿಂತೇ ಹೋಗುತ್ತದೆ.

ಕನ್ನಡದ ಪಾಲಿನ ಲೆಕ್ಕ ಇನ್ನೂ ಬಾಕಿ ಇದೆ. ಉತ್ತರ ಕನ್ನಡದ ಮಗ ಶಂಕರ್ ನಾಗ್ 1981ರಲ್ಲಿ ‘ಗೀತಾ’ ಮಾಡಿದಾಗ ಸಂಗೀತ ಇಳಯರಾಜ ಅವರದು. ಅದರ ‘ಜೊತೆಯಲಿ’ ಹಾಡಿನ ಧಾಟಿ 1984ರಲ್ಲಿ ತಮಿಳಿನ ‘ನೂರಾವದು ನಾಳ್’ ಸಿನಿಮಾಕ್ಕೂ, 2007ರಲ್ಲಿ ಹಿಂದಿಯ ‘ಚೀನಿ ಕಮ್’ಗೂ ಹೋಯಿತು. ಧಾಟಿ ಹೀಗೆ ಮೂರು ಭಾಷೆಯಲ್ಲಿ ಓಡಾಡಿದೆ, ಆದರೆ ಮೂಲ ಮುದ್ರಣದ ಪ್ರತಿ ವಾದ್ಯವನ್ನೂ ಬಿಡಿಸಿ ಕೇಳಿಸುವ, ನುಡಿಸಿದವರ ಹೆಸರು ಹೇಳುವ ಆವೃತ್ತಿಯೊಂದು ಕನ್ನಡಿಗರ ಕೈಸೇರಿದರೆ ಅದರ ಸುಖವೇ ಬೇರೆ. ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣ ಸ್ಟುಡಿಯೊ ಕಟ್ಟಲು ಓಡಾಡಿದ್ದೂ ಇದೇ ಶಂಕರ್ ನಾಗ್. ಅದೇ ನಗರದಲ್ಲಿ 1979ರಲ್ಲಿ ಎಂಜಿನಿಯರ್ ಹಾಗೂ ಕೊಳಲುವಾದಕ ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದ್ದರು. ಇಂದು ಕಾರವಾರದ ಸಂಗೀತ ಪಾಠದ ಕೋಣೆಯಲ್ಲಿ ಮಕ್ಕಳ ಹಿಂದೆ ಗುಂಯ್‌ಗುಡುವ ಪೆಟ್ಟಿಗೆಯ ವಂಶ ಅಲ್ಲಿಂದ ಶುರು.

ಮರುಮುದ್ರಣಕ್ಕೆ ಹಕ್ಕಿನ ಅನುಮತಿ ಬೇಕು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ, ಅಂದರೆ 1982ರ ಪ್ಲೇಟಿನ ಹಕ್ಕು 2042ರ ಕೊನೆಯವರೆಗೆ. ಕಾಗದಪತ್ರ ಮುಗಿದ ಮೇಲೆ ಟೇಪಿನ ಆರೈಕೆ. ಕಾಂತೀಯ ಪುಡಿಯನ್ನು ಪಟ್ಟಿಗೆ ಅಂಟಿಸಿದ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೆಯೇ ಓಡಿಸಿದರೆ ಪುಡಿ, ಅದರೊಂದಿಗೆ ಸಂಗೀತವೂ, ಕಿತ್ತು ಬರುತ್ತದೆ. ಅದಕ್ಕೆ ಇಂಥ ಸ್ಟುಡಿಯೊ ಟೇಪುಗಳನ್ನು ಹದವಾದ ಒಲೆಯಲ್ಲಿ ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಇಟ್ಟು ತೇವ ಇಳಿಸಿ, ಕೂಡಲೇ ಡಿಜಿಟಲ್ ಪ್ರತಿ ಮಾಡಿಕೊಳ್ಳುತ್ತಾರೆ.

ಮನೆಯ ಕ್ಯಾಸೆಟ್ಟಿಗೆ ಆ ಉಪಚಾರ ಬೇಡ, ಮಾಡಲೂಬಾರದು. ಬೂಷ್ಟು ಹಿಡಿದದ್ದನ್ನು ನೇರ ಪ್ಲೇಯರಿಗೆ ಹಾಕಿದರೆ ಬೂಷ್ಟು ಹೆಡ್ಡಿಗೂ ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಅಂಥದನ್ನು ಮೊದಲು ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಕೆಲವು ದಿನ ಮುಚ್ಚಿಡಬೇಕು, ಆಮೇಲೆ ಮೆತ್ತನೆಯ ಒಣ ಕುಂಚದಿಂದ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರೆಸಬೇಕು. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿ, ಮೊದಲ ಓಟದಲ್ಲೇ ಕಂಪ್ಯೂಟರಿಗೆ ಪ್ರತಿ ತೆಗೆಯಬೇಕು. ಎರಡನೇ ಓಟಕ್ಕೆ ಟೇಪು ಉಳಿದೀತೆಂಬ ಭರವಸೆ ಇಲ್ಲ. ಕಟ್ಟಿಡುವಾಗ ನಿಲ್ಲಿಸಿ ಇಡಬೇಕು, ಗೋಡೆಗೆ ತಾಗಿಸದೆ. ಮತ್ತೊಂದು ಮಾತು ಈ ಊರಿಗೇ ವಿಶೇಷ: ಮಳೆ ಬಿಟ್ಟು ಅಕ್ಟೋಬರ್ ಬಿಸಿಲು ಬಂದೊಡನೆ ಹಪ್ಪಳ, ಹಾಸಿಗೆ, ಒಣಮೀನನ್ನೆಲ್ಲ ಅಂಗಳಕ್ಕೆ ಹರಡುವ ಜನ ಕ್ಯಾಸೆಟ್ಟುಗಳನ್ನು ಮಾತ್ರ ಆ ಚಾಪೆಯ ಮೇಲೆ ಇಡಬಾರದು.