ಹಿತ್ತಲಿಗೆ ಕಲ್ಲು ಹಾಸುವ ಬಗೆ



ಮಳೆಗಾಲದಲ್ಲಿ ನಿಮ್ಮ ಮನೆಯ ಹಿತ್ತಲ ಬಾಗಿಲಿನಿಂದ ಬಚ್ಚಲವರೆಗೆ ಒಮ್ಮೆ ನಡೆದು ನೋಡಿ. ಪಾತ್ರೆ ತೊಳೆಯುವ ಜಾಗದಲ್ಲಿ ಕೆಸರು, ನೀರಿನ ತೊಟ್ಟಿಯ ಬುಡದಲ್ಲಿ ಪಾಚಿ. ವಯಸ್ಸಾದವರು ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವುದು ಇಂಥಲ್ಲಿಯೇ. ನಿಂತ ನೀರಿನಲ್ಲಿ ಒಂದು ವಾರ ಹತ್ತು ದಿನದೊಳಗೆ ಸೊಳ್ಳೆಯ ಹೊಸ ಪೀಳಿಗೆ ಹಾರಿಹೋಗುತ್ತದೆ. ಈ ಕೆಸರಿನಲ್ಲಿ ದಿನಕ್ಕೆ ಹತ್ತಾರು ಸಲ ಓಡಾಡುವವರು ಮನೆಯ ಹೆಣ್ಣುಮಕ್ಕಳು. ಆದುದರಿಂದ ಎಲ್ಲಿ ಕಲ್ಲು ಹಾಸಬೇಕೆಂಬುದನ್ನು ಮೊದಲು ಅವರನ್ನು ಕೇಳಿ. ಗಂಡಸರು ಗುರುತು ಹಾಕಿದ ಜಾಗ ಅನೇಕ ವೇಳೆ ಕುರ್ಚಿ ಹಾಕಿಕೊಂಡು ಕೂರುವುದಕ್ಕೆ ಮಾತ್ರ ಸರಿಯಾಗಿರುತ್ತದೆ.

10 ಅಡಿ ಉದ್ದ, 10 ಅಡಿ ಅಗಲದ ಜಾಗವಾದರೆ ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು, ಬಿಸಿಲಿನಲ್ಲಿ ಮೆಣಸಿನಕಾಯಿ, ಸಂಡಿಗೆ ಒಣಗಿಸಲು ಧಾರಾಳವಾಗಿ ಸಾಕು. ಮನೆಯ ಇಬ್ಬರು ಆಳು ಸೇರಿದರೆ ನಾಲ್ಕೈದು ದಿನದ ಕೆಲಸ. ಸುಗ್ಗಿ ಮುಗಿದು ಮುಂಗಾರು ಬರುವುದರೊಳಗೆ ಮಾಡಿಕೊಳ್ಳುವುದು ಮೇಲು.

ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲು ರಾಜ್ಯದ ಬಹುಭಾಗದಲ್ಲಿ ದೊರೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಸುತ್ತಿನವರಿಗೆ ಕರಿಕಲ್ಲಿನ ಚಪ್ಪಡಿಯೇ ಹತ್ತಿರ. ಯಾವುದನ್ನು ತಂದರೂ ನುಣುಪು ಮಾಡಿದ ಕಲ್ಲು ಬೇಡ, ನೀರು ಬಿದ್ದರೆ ಜಾರುತ್ತದೆ. ಒರಟು ಮೈಯ, ಒಂದೂವರೆ ಅಂಗುಲ ದಪ್ಪದ ಕಲ್ಲು ಕೇಳಿ. ದನ ಓಡಾಡುವ ಕಡೆ ಇದು ಸಾಲದು, ಅಲ್ಲಿಗೆ 3 ಅಂಗುಲದ ಕರಿಕಲ್ಲು ಬೇಕು. ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿಯದು. ಕಕ್ಕಸು ತೊಳೆಯುವ ಆಸಿಡ್ ಬಿದ್ದರೆ ಮೈ ತಿಂದುಹೋಗುತ್ತದೆ, ಹುಣಿಸೆಹಣ್ಣು ಹಚ್ಚಿ ತಿಕ್ಕಿದರೂ ಕಲೆ ಕೂರುತ್ತದೆ.

2 ಅಡಿ ಚೌಕದ ಕಲ್ಲಾದರೆ 25 ಬೇಕು, ಒಡೆಯುವುದಕ್ಕೆಂದು ಇನ್ನೆರಡು ತನ್ನಿ. ಗರಸು 40 ಘನ ಅಡಿಗೆ ಸ್ವಲ್ಪ ಮೇಲೆ, ಮರಳು 20 ಘನ ಅಡಿ, ಸಿಮೆಂಟು 3 ಚೀಲ. ಒಂದೊಂದು ಕಲ್ಲೂ 35 ಕಿಲೋ ಮೀರಿ ತೂಗುತ್ತದೆ. ಒಬ್ಬರೇ ಎತ್ತುವ ಶೌರ್ಯ ಬೇಡ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನಾನು ಮೊದಲ ಸಲ ನಮ್ಮ ಹಿತ್ತಲಿಗೆ ಕಲ್ಲು ಹಾಸಿದಾಗ ಮೇಲಿನ ಮಣ್ಣನ್ನು ಕೆರೆದು, ಮರಳು ಚೆಲ್ಲಿ, ಎರಡೇ ದಿನದಲ್ಲಿ ಕೆಲಸ ಮುಗಿಸಿದ್ದೆ. ನೋಡಿದವರೆಲ್ಲ ಹೊಗಳಿದರು. ಮೊದಲ ದೊಡ್ಡ ಮಳೆಗೆ ನಡುವಿನ ಆರು ಕಲ್ಲು ಕುಸಿದವು, ನೀರು ಹೊರಕ್ಕೆ ಹರಿಯುವ ಬದಲು ಅಡಿಗೆಮನೆಯ ಗೋಡೆಯ ಬುಡಕ್ಕೆ ತಿರುಗಿತು. ಗೋಡೆಯ ಗಾರೆ ಉದುರಿದ ಮೇಲೆ ನನಗೆ ಬುದ್ಧಿ ಬಂತು. ಕಲ್ಲು ಕೆಟ್ಟದ್ದಾಗಿರಲಿಲ್ಲ, ಅದರ ಅಡಿ ಕೆಟ್ಟಿತ್ತು. ಎಲ್ಲವನ್ನೂ ಕಿತ್ತು ಮತ್ತೆ ಹಾಸಬೇಕಾಯಿತು.

ಆದುದರಿಂದ ನಿಮ್ಮ ಶ್ರಮದ ಹೆಚ್ಚಿನ ಭಾಗ ಕಲ್ಲಿನ ಕೆಳಗೆ ಹೋಗಲಿ. ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಕಟ್ಟಿ. ಮೂಲೆ ಸರಿಯಿದೆಯೇ ಎಂದು ತಿಳಿಯಲು ಒಂದು ದಾರದಲ್ಲಿ 6 ಅಡಿಗೆ, ಇನ್ನೊಂದರಲ್ಲಿ 8 ಅಡಿಗೆ ಗುರುತು ಮಾಡಿ. ಆ ಎರಡು ಗುರುತಿನ ನಡುವೆ ಅಡ್ಡಲಾಗಿ ಸರಿಯಾಗಿ 10 ಅಡಿ ಇದ್ದರೆ ಮೂಲೆ ಮಟ್ಟವಾಗಿದೆ. ಮನೆಯ ಕಡೆಯ ದಾರಕ್ಕಿಂತ ಹೊರಗಡೆಯ ದಾರ 2 ಅಂಗುಲ ಕೆಳಗಿರಲಿ. ಇದು ನೀರಿನ ಓಟ. ಎತ್ತರ ಅಳೆಯಲು ನೀರು ತುಂಬಿದ ತೆಳು ಪ್ಲಾಸ್ಟಿಕ್ ಕೊಳವೆ ಸಾಕು. ಎರಡು ತುದಿಯನ್ನೂ ಎತ್ತಿ ಹಿಡಿದರೆ ಒಳಗಿನ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಕೊಳವೆಯೊಳಗೆ ಗಾಳಿಗುಳ್ಳೆ ಇರಕೂಡದು. ಹಾಸಿದ ಕಲ್ಲಿನ ಮೇಲ್ಮೈ ಮನೆಯ ಒಳನೆಲಕ್ಕಿಂತ ಕನಿಷ್ಠ 6 ಅಂಗುಲ ತಗ್ಗಿನಲ್ಲಿರಲಿ, ಇಲ್ಲವಾದರೆ ಮಳೆಯ ಹನಿ ಸಿಡಿದು ಗೋಡೆ ನೆನೆಯುತ್ತದೆ.

ದಾರದ ಮಟ್ಟದಿಂದ ಏಳೂವರೆ ಅಂಗುಲ ಅಗೆಯಿರಿ. ಬೇರು, ಹುಲ್ಲು, ಕೊಳೆತ ಗೊಬ್ಬರ ಏನೂ ಉಳಿಯಬಾರದು. ಹೊಸದಾಗಿ ತುಂಬಿದ ಮಣ್ಣಿದ್ದರೆ ಒಂದು ಮಳೆಗಾಲ ಕೂರಲು ಬಿಟ್ಟು ಆಮೇಲೆ ಕೆಲಸ ಹಿಡಿಯಿರಿ. ಎರೆಭೂಮಿಯವರಿಗೆ ಒಂದು ಮಾತು: ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ, ಮೇಲಿನ ಕಲ್ಲನ್ನೂ ಅದರಂತೆಯೇ ಆಡಿಸುತ್ತದೆ. ನೀವು ಒಂದಡಿಗೂ ಹೆಚ್ಚು ತೆಗೆದು ಅಷ್ಟಕ್ಕೂ ಗರಸು ತುಂಬಬೇಕು. ಮೇಲೆ ಹೇಳಿದ ಗರಸಿನ ಲೆಕ್ಕ ನಿಮಗೆ ಸಾಲದು.

ಉಳಿದವರಿಗೆ ದಿಮ್ಮಸು ಹೊಡೆದ ಮೇಲೆ 4 ಅಂಗುಲ ಗರಸು ನಿಂತರೆ ಸಾಕು. ಒಮ್ಮೆಗೇ ಸುರಿಯಬೇಡಿ. 2 ಅಂಗುಲ ಹರಡಿ, ನೀರು ಚಿಮುಕಿಸಿ, ಚೆನ್ನಾಗಿ ದಿಮ್ಮಸು ಹೊಡೆದು ಆಮೇಲೆ ಮುಂದಿನ ಪದರ. ಹಿಮ್ಮಡಿಯೂರಿ ನಿಂತರೆ ಗುರುತು ಬೀಳದಿರಬೇಕು. ನೆಲದ ಓಟವನ್ನು ಈ ಹಂತದಲ್ಲಿಯೇ ಮಾಡಿಕೊಳ್ಳಿ. ಕೊನೆಯಲ್ಲಿ ಗಾರೆಯಿಂದ ಸರಿಪಡಿಸುತ್ತೇನೆಂದರೆ ಸಿಮೆಂಟು ದಂಡ.

ಗಾರೆಗೆ 1 ಪಾಲು ಸಿಮೆಂಟು, 6 ಪಾಲು ಮರಳು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ಮಾತ್ರ ನೀರು. ಒಂದು ಗಂಟೆಯಲ್ಲಿ ಮುಗಿಯುವಷ್ಟನ್ನೇ ಕಲಸಿ. ಸಿಮೆಂಟು ಕೈಯನ್ನು ಸುಡುತ್ತದೆ, ರಬ್ಬರ್ ಕೈಚೀಲ ಹಾಕಿಕೊಳ್ಳಿ. ಮನೆಯ ಕಡೆಯ ಮೂಲೆಯಿಂದ ಆರಂಭಿಸಿ 2 ಅಂಗುಲ ಗಾರೆ ಹರಡಿ. ಕಲ್ಲಿನ ಅಡಿಮೈಯನ್ನು ನೀರಿನಿಂದ ಒದ್ದೆಮಾಡಿ ಇಳಿಸಿ, ಮರದ ಕೊಡತಿಯಿಂದ ದಾರದ ಮಟ್ಟಕ್ಕೆ ತಟ್ಟಿ ಕೂರಿಸಿ. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಗಾರೆ ಇಟ್ಟು ಮೇಲೆ ಕಲ್ಲು ಮುಚ್ಚುವ ಪದ್ಧತಿಯೂ ಉಂಟು. ಗಾರೆ ಉಳಿಯುತ್ತದೆ, ಕಲ್ಲು ಉಳಿಯುವುದಿಲ್ಲ. ಒನಕೆಯೋ ಕೊಡವೋ ಬಿದ್ದರೆ ನಡುವೆ ಸೀಳುತ್ತದೆ. ಕೂರಿಸಿದ ಕಲ್ಲನ್ನು ಬೆರಳಗಂಟಿನಿಂದ ಬಡಿದು ನೋಡಿ; ಪೊಳ್ಳು ಸದ್ದು ಬಂದರೆ ಆಗಲೇ ಎತ್ತಿ ಗಾರೆ ತುಂಬಿ. ಮರುದಿನ ಎತ್ತಲಾಗುವುದಿಲ್ಲ.

ಕಲ್ಲುಗಳ ನಡುವೆ ಅರ್ಧ ಅಂಗುಲ ಸಂದು ಬಿಡಿ. ಒಂದು ದಿನ ಕಳೆದ ಮೇಲೆ ಸಂದಿಗೆ 1ಕ್ಕೆ 3ರ ಗಾರೆ ತುಂಬಿ, ಕಲ್ಲಿನ ಮೇಲೆ ಅಂಟಿದ್ದನ್ನು ಕೂಡಲೇ ಒರೆಸಿ. ಹೊರ ಅಂಚಿಗೆ ಸುಟ್ಟ ಇಟ್ಟಿಗೆಯನ್ನೋ ಸೈಜುಕಲ್ಲನ್ನೋ ಹೂತು ಬಿಗಿ ಮಾಡಿ, ಇಲ್ಲವಾದರೆ ಅಂಚಿನ ಕಲ್ಲು ವರ್ಷದೊಳಗೆ ಸರಿಯುತ್ತದೆ. ಏಳು ದಿನ ಒದ್ದೆ ಗೋಣಿಚೀಲ ಹೊದಿಸಿಡಿ. ಆ ದಿನಗಳಲ್ಲಿ ಮೇಲೆ ಕಾಲಿಡದಂತೆ ಮಕ್ಕಳಿಗೂ ನೆಂಟರಿಗೂ ಹೇಳಿರಬೇಕು. ನಾಯಿಗೆ ಹೇಳಿ ಪ್ರಯೋಜನವಿಲ್ಲ, ಅಡ್ಡ ಮುಳ್ಳು ಹಾಕಿ.

ಗಿಡದ ಬುಡಕ್ಕೆ ಕಲ್ಲು ಒತ್ತಿ ಹಾಸಕೂಡದು, ಸುತ್ತ ಒಂದೆರಡಡಿ ಮಣ್ಣು ಬಿಡಿ. ಹಿತ್ತಲನ್ನೆಲ್ಲ ಮುಚ್ಚುವುದೂ ತರವಲ್ಲ. ಮಳೆನೀರು ಇಂಗುವುದಕ್ಕೆ ನೆಲ ಬೇಕು.

ಕಲ್ಲಿನ ಮೇಲಿನ ನೀರು ಎಲ್ಲಿಗೆ ಹೋಗಬೇಕೆಂಬುದನ್ನು ಅಗೆಯುವ ಮೊದಲೇ ಗೊತ್ತುಮಾಡಿಕೊಂಡಿರಿ. ಪಕ್ಕದ ಮನೆಯ ಬೇಲಿಯತ್ತ ತಿರುಗಿಸಿದರೆ ವ್ಯಾಜ್ಯಕ್ಕೆ ದಾರಿ. ತಗ್ಗಿನ ಅಂಚಿನುದ್ದಕ್ಕೂ ಚಿಕ್ಕ ಕಾಲುವೆ ತೆಗೆದು ನಾಲ್ಕು ಬಾಳೆಗಿಡಕ್ಕೆ ಹಾಯಿಸಿ. ಬಾಳೆ ಕುಡಿದು ಮುಗಿಸದಷ್ಟು ನೀರಿದ್ದರೆ ಕಾಲುವೆಯ ಕೊನೆಗೆ, ಕುಡಿಯುವ ನೀರಿನ ಬಾವಿಗೆ ದೂರವಾಗಿ, 3 ಅಡಿ ಚೌಕದ ಇಂಗುಗುಂಡಿ ತೋಡಿ ದಪ್ಪ ಕಲ್ಲು ತುಂಬಿ. ಗಾರೆ ಗಟ್ಟಿಯಾದ ಮೇಲೆ ಒಂದು ಕೊಡ ನೀರನ್ನು ಮನೆಯ ಕಡೆಯಿಂದ ಸುರಿದು ನೋಡಿ. ಎಲ್ಲಾದರೂ ಅಂಗೈಯಗಲ ನೀರು ನಿಂತರೆ ಆ ಒಂದು ಕಲ್ಲನ್ನು ಬಿಡಿಸಿ ಮತ್ತೆ ಕೂರಿಸಿ, ಪೂರ್ತಿ ಕೀಳಬೇಕಾಗಿಲ್ಲ.